ಲೆಕ್ಕ ಚುಕ್ತಾ ಆಗಿತ್ತು ಅಲ್ವಾ?

2024ರ ಆಷಾಢದ ಒಂದು ಬೆಳಿಗ್ಗೆ ಊರಿಂದ ಅಪ್ಪ ಫೋನ್ ಮಾಡಿದರು. ನಾನು ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದೆ. "ಯಜಮಾನ್ರು ಹೋಗ್ಬಿಟ್ರಂತೆ ಕಣೋ. ಅಲ್ಲೇ ಬೆಂಗಳೂರಲ್ಲೇ, ರಾತ್ರಿ ಎರಡು ಗಂಟೆಗೆ" ಅಂದರು. ಯಾವ ಯಜಮಾನರು ಅಂತ ಕೇಳಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಆ ಮಾತಿಗೆ ಇದ್ದದ್ದು ಒಬ್ಬರೇ ಮನುಷ್ಯ, ತಿಪಟೂರಿನ ಕೊಬ್ಬರಿ ಮಂಡಿ ಯಜಮಾನರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಪ್ಪನೂ ಸುಮ್ಮನಿದ್ದರು. ಒಂದು ರೈಲು ಬಂತು, ಹೋಯಿತು. ಆಮೇಲೆ ಅಪ್ಪ ಮೆಲ್ಲಗೆ ಕೇಳಿದರು: "ನಮ್ಮ ಲೆಕ್ಕ ಚುಕ್ತಾ ಆಗಿತ್ತು ಅಲ್ವಾ?"

ಆ ಮಾತು ಅವತ್ತು ನನಗೆ ಚುಚ್ಚಿತು. ನಲವತ್ತು ವರ್ಷ ಒಡನಾಡಿದ ಮನುಷ್ಯ ತೀರಿಕೊಂಡಾಗ ಮೊದಲು ನೆನಪಾಗುವುದು ಲೆಕ್ಕವಾ? ಅಪ್ಪ ಅಂಥವರಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುವವರು. ಆದರೆ ಸಂಜೆ ಮಣ್ಣಿಗೆ ಹೋದಾಗ ಅಲ್ಲಿ ನಿಂತವರ ಮಾತೆಲ್ಲ ಹೀಗೇ ಇತ್ತು. "ನಂದು ಯುಗಾದಿಗೇ ತೀರ್ಸಿದ್ದೆ." "ನಮ್ದಿನ್ನೂ ಐದು ಸಾವ್ರ ಐತೆ, ಈಗ ಯಾರಿಗೆ ಕೊಡದು?" ಒಬ್ಬ ಮುದುಕರು ಅಳುತ್ತಲೇ ಬೆರಳು ಮಡಚಿ ಏನೋ ಎಣಿಸುತ್ತಿದ್ದರು. ಸಾವಿನ ಮನೆಯಲ್ಲಿ ಇಷ್ಟು ಜನ ಒಟ್ಟಿಗೆ ಲೆಕ್ಕ ಹಾಕುವುದನ್ನು ನಾನು ನೋಡಿರಲಿಲ್ಲ. ಯಾರ ಮುಖದಲ್ಲೂ ದುಡ್ಡಿನ ಆಸೆ ಕಾಣಲಿಲ್ಲ. ಹೆದರಿಕೆಯೂ ಅಲ್ಲ. ಹಾಗಾದರೆ ಅದೇನು? ಅವತ್ತಿನಿಂದ ಇದು ತಲೆಯಲ್ಲಿ ಕೊರೆಯುತ್ತಿದೆ.

ಡಿಡಿ ದುಡ್ಡು

1999ರಲ್ಲಿ ನನಗೆ ಸಿಇಟಿ ರ‍್ಯಾಂಕ್ ಬಂತು. ಕೌನ್ಸೆಲಿಂಗ್‌ಗೆ ಬೆಂಗಳೂರಿಗೆ ಹೋಗಬೇಕು, ಫೀಸಿಗೆ ಬ್ಯಾಂಕಿನಲ್ಲಿ ಡಿಮ್ಯಾಂಡ್ ಡ್ರಾಫ್ಟ್, ಅಂದರೆ ಡಿಡಿ, ತೆಗೆಸಬೇಕು. ಉಳಿದದ್ದು ನಾಲ್ಕು ದಿನ. ಮನೆಯಲ್ಲಿ ಅಟ್ಟದ ತುಂಬ ಕಾಯಿ ಇತ್ತು, ಕೈಯಲ್ಲಿ ಕಾಸಿರಲಿಲ್ಲ. ತೆಂಗಿನ ಸೀಮೆಯವರಿಗೆ ಇದು ಗೊತ್ತು. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಒಂಬತ್ತು ಹತ್ತು ತಿಂಗಳು, ಕೆಲವು ಸಲ ಹನ್ನೊಂದು ತಿಂಗಳು ಕೂರಬೇಕು. ಒಳಗಿನ ನೀರೆಲ್ಲ ಬತ್ತಿ, ತಿರುಳು ಚಿಪ್ಪನ್ನು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊಟಗೊಟ ಅನ್ನಬೇಕು. ಅಲ್ಲಿಯವರೆಗೆ ಅದು ದುಡ್ಡಲ್ಲ. ಅವಸರ ಮಾಡಿ ಒಡೆದರೆ ಹಸಿ, ಹಾಗೇ ಬಿಟ್ಟರೆ ಚಿನ್ನ. ನಮ್ಮ ಕಡೆ ಮದುವೆ, ಆಸ್ಪತ್ರೆ, ಓದು ಯಾವುದೂ ಈ ಹತ್ತು ತಿಂಗಳಿಗೆ ಕಾಯುವುದಿಲ್ಲ. ಆ ನಡುವಿನ ಜಾಗದಲ್ಲಿ ಕೂತಿದ್ದವರೇ ಮಂಡಿ ಯಜಮಾನರು.

ರಾತ್ರಿ ಎಂಟು ಗಂಟೆ ಆಗಿತ್ತು. ಅಪ್ಪನ ಮೊಪೆಡ್ ಮೇಲೆ ಇಬ್ಬರೂ ಹೋದೆವು. ಚಿಪ್ಪು ಬಿಡಿಸುವ ಹೆಂಗಸರು ಹೊರಟುಹೋಗಿದ್ದರು, ಅಂಗಳದಲ್ಲಿ ಚಿಪ್ಪಿನ ರಾಶಿ ಮಾತ್ರ ಇತ್ತು. ಒಳಗೆ ಆ ವಾಸನೆ. ಎಣ್ಣೆಯದೂ ಅಲ್ಲ, ಸಿಹಿಯೂ ಅಲ್ಲ, ಗೋಣಿಚೀಲದ್ದೂ ಸೇರಿಕೊಂಡ ಕೊಬ್ಬರಿ ಮಂಡಿಯ ವಾಸನೆ. ಇವತ್ತಿಗೂ ಯಶವಂತಪುರ ಎಪಿಎಂಸಿ ಮಾರುಕಟ್ಟೆ ಒಳಗೆ ಹೋದಾಗ ಎಲ್ಲಿಂದಲೋ ಬಂದು ಮೂಗಿಗೆ ತಗುಲಿದರೆ ನಾನು ಎರಡು ನಿಮಿಷ ನಿಲ್ಲುತ್ತೇನೆ. ಯಜಮಾನರು ಗಾದಿಯ ಮೇಲೆ ಕೂತಿದ್ದರು. ಮುಂದೆ ಇಳಿಜಾರಿನ ಚಿಕ್ಕ ಡೆಸ್ಕು, ಅದರ ಮೇಲೆ ಕೆಂಪು ಬಟ್ಟೆ ರಟ್ಟಿನ ಉದ್ದನೆ ಪುಸ್ತಕ. ಮೊದಲು ನನ್ನನ್ನು ಕೇಳಿದರು. ರ‍್ಯಾಂಕ್ ಎಷ್ಟು, ಯಾವ ಬ್ರಾಂಚು, ಹಾಸ್ಟೆಲ್ ಸಿಗುತ್ತಾ. ಆಮೇಲೆ ಅಪ್ಪನ ಕಡೆ ತಿರುಗಿ, "ಅಟ್ಟದಲ್ಲಿ ಎಷ್ಟೈತೆ?" ಅಂದರು. "ಎಂಟು ಸಾವ್ರ ಕಾಯಿ ಇರ್ಬೋದು." ಅಷ್ಟೇ ಮಾತು. ಕಾಗದವಿಲ್ಲ, ಸಹಿ ಇಲ್ಲ. ನಮ್ಮ ಅಟ್ಟವನ್ನು ಅವರು ಯಾವತ್ತೂ ಬಂದು ನೋಡಿದವರಲ್ಲ.

ದುಡ್ಡು ತೆಗೆದು ನನ್ನ ಕೈಗೆ ಕೊಟ್ಟರು. "ಎಣ್ಸು" ಅಂದರು. ಅಷ್ಟು ದುಡ್ಡು ನಾನು ಮುಟ್ಟಿರಲಿಲ್ಲ. ಕೈ ಒದ್ದೆಯಾಗಿತ್ತು, ನೋಟು ಒಂದಕ್ಕೊಂದು ಅಂಟುತ್ತಿತ್ತು. ಮೊದಲ ಸಲ ತಪ್ಪಿತು. ಎರಡನೇ ಸಲ ಇನ್ನೊಂದು ಸಂಖ್ಯೆ ಬಂತು. ಅಪ್ಪ "ಬಿಡು, ಸರಿಯಾಗೇ ಇರುತ್ತೆ" ಅಂದರು. ಯಜಮಾನರು ಬಿಡಲಿಲ್ಲ. "ಎಣ್ಸ್ಲಿ ಬಿಡಿ, ನಮಗೇನು ಬಸ್ ಹೋಗುತ್ತಾ" ಅಂತ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸುತ್ತಾ ಕೂತರು. ಬಾಗಿಲಲ್ಲಿ ಇನ್ನಿಬ್ಬರು ಕಾಯುತ್ತಿದ್ದರು. ಮೂರನೇ ಸಲಕ್ಕೆ ಲೆಕ್ಕ ಕೂಡಿತು. ಆಗ ಕನ್ನಡಕ ಹಾಕಿಕೊಂಡು ಪುಸ್ತಕ ತೆಗೆದು ಬರೆದರು. ಮಾರನೇ ದಿನ ಬ್ಯಾಂಕಿನ ಕೌಂಟರಿನಲ್ಲಿ ಡಿಡಿ ಫಾರಂ ತುಂಬಲು ತಮ್ಮ ಗುಮಾಸ್ತರನ್ನೂ ನಮ್ಮ ಜೊತೆ ಕಳಿಸಿದರು. ಮೂರು ಸಲ ಎಣಿಸುವಷ್ಟು ಹೊತ್ತು ಒಬ್ಬ ಹುಡುಗನಿಗಾಗಿ ಕಾಯುವುದು ಅವತ್ತು ನನಗೆ ದೊಡ್ಡದು ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ. ಈ ಇಪ್ಪತ್ತೈದು ವರ್ಷದಲ್ಲಿ ಬೆಂಗಳೂರಿನಲ್ಲಿ ನನಗಾಗಿ ಕನ್ನಡಕ ತೆಗೆದಿಟ್ಟು ಕಾದವರು ಎಷ್ಟು ಜನ?

ಬರೆಯದ ಬಡ್ಡಿ

ಇಲ್ಲಿಗೇ ನಿಲ್ಲಿಸಿದರೆ ಅವರು ದೇವರಾಗಿಬಿಡುತ್ತಾರೆ. ಅದು ಅವರಿಗೂ ಇಷ್ಟವಾಗುತ್ತಿರಲಿಲ್ಲ, ನಿಜವೂ ಅಲ್ಲ. ಅವರು ಬಡ್ಡಿ ಬರೆಯುತ್ತಿರಲಿಲ್ಲ. ಆದರೆ ಬಡ್ಡಿ ಇರಲೇ ಇಲ್ಲ ಅಂತಲ್ಲ. ಮುಂಗಡ ತೆಗೆದುಕೊಂಡವನು ಕೊಬ್ಬರಿಯನ್ನು ಅದೇ ಮಂಡಿಗೆ ತರಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ತಂದಾಗ ಸಿಗುವ ದರ ಅವತ್ತಿನ ಮೇಲಿನ ದರಕ್ಕಿಂತ ಕ್ವಿಂಟಲಿಗೆ ಐವತ್ತೋ ನೂರೋ ಕಡಿಮೆ ಇರುತ್ತಿತ್ತು. ಒಂದು ಕೊಬ್ಬರಿ ಎತ್ತಿಕೊಂಡು, ಉಗುರಿನಿಂದ ಗೀರಿ, ಮೂಸಿ ನೋಡಿ, "ಸ್ವಲ್ಪ ಹಸಿ ಐತಲ್ಲಪ್ಪ" ಅನ್ನುವರು. ಆ "ಸ್ವಲ್ಪ ಹಸಿ"ಯೊಳಗೆ ಬಡ್ಡಿ ಇತ್ತು ಅಂತ ನನ್ನ ಲೆಕ್ಕ. ರೈತನಿಂದ ಕಮಿಷನ್ ಹಿಡಿಯುವಂತಿಲ್ಲ ಅಂತ ಕಾಯ್ದೆ ಇದೆ, ಕೊಳ್ಳುವವನೇ ಕೊಡಬೇಕು. ಆದರೂ ಎಷ್ಟೋ ಮಾರುಕಟ್ಟೆಗಳಲ್ಲಿ ಅಧಿಕೃತ ಬಿಲ್ಲಲ್ಲದ ಬಿಳಿ ಚೀಟಿ ಮೇಲೆ ಏನೇನೋ ಕಡಿತವಾಗಿದೆ. ನಮ್ಮ ಚೀಟಿಯಲ್ಲೂ ಆಗಿತ್ತು.

ಓದಿ ನಾಲ್ಕಕ್ಷರ ಕಲಿತ ಮೇಲೆ ನಾನು ಅಪ್ಪನ ಜೊತೆ ಜಗಳವಾಡಿದ್ದೇನೆ. "ಹೊರಗೆ ಮಾರಿದ್ರೆ ಜಾಸ್ತಿ ಸಿಗುತ್ತೆ, ಯಾಕೆ ಅವರಿಗೇ ಹಾಕ್ತೀರ?" ಆನ್‌ಲೈನ್ ಟೆಂಡರ್ ಬಂದ ಮೇಲೆ ಯಾವ ಲಾಟಿಗೆ ಎಷ್ಟು ದರ ಬಿತ್ತು ಅಂತ ಎಲ್ಲರಿಗೂ ಕಾಣತೊಡಗಿತು. ಅದು ಒಳ್ಳೆಯದೇ ಆಯಿತು. ರೈತ ಮೊದಲ ಸಲ ತನ್ನ ಮಾಲಿನ ಬೆಲೆಯನ್ನು ತಾನೇ ನೋಡಿದ. ನನ್ನ ಜಗಳಕ್ಕೂ ಬಲ ಬಂತು. ಅಪ್ಪ ಒಂದೇ ಮಾತು ಹೇಳಿದರು. "ದರ ಬೋರ್ಡ್ ಮೇಲೆ ಕಾಣುತ್ತೆ. ನಿಮ್ಮಜ್ಜಿಗೆ ರಾತ್ರಿ ಹನ್ನೊಂದಕ್ಕೆ ಎದೆ ನೋವು ಬಂದಾಗ ಬಾಗಿಲು ತೆಗೆದೋರು ಬೋರ್ಡ್ ಮೇಲೆ ಕಾಣಲ್ಲ." ಈ ಮಾತಿಗೆ ಉತ್ತರ ಹುಡುಕಿದ್ದೇನೆ. ಇದೆ ಕೂಡ. ರಾತ್ರಿ ಹನ್ನೊಂದಕ್ಕೆ ಒಬ್ಬ ವ್ಯಾಪಾರಿಯ ಬಾಗಿಲು ತಟ್ಟುವ ಸ್ಥಿತಿಯಲ್ಲಿ ರೈತ ಇರಬಾರದು, ಬ್ಯಾಂಕು, ಸೊಸೈಟಿ, ಆಸ್ಪತ್ರೆ ಎಲ್ಲ ಸರಿಯಿದ್ದರೆ ಯಾರ ಮರ್ಜಿಯೂ ಬೇಕಾಗುವುದಿಲ್ಲ. ಇದನ್ನು ನಾನು ಇವತ್ತಿಗೂ ನಂಬುತ್ತೇನೆ. ಆದರೆ ಅವತ್ತು ರಾತ್ರಿ ಬಾಗಿಲು ತೆರೆದದ್ದು ಒಂದೇ. ಅಜ್ಜಿ ಅದಾದ ಮೇಲೆ ಆರು ವರ್ಷ ಬದುಕಿದರು. ಎರಡೂ ನಿಜ. ನನ್ನಿಂದ ಇವೆರಡನ್ನೂ ಒಂದು ಮಾಡಲು ಆಗಿಲ್ಲ.

ಹತ್ತು ರೂಪಾಯಿ

ಕೆಲಸ ಸಿಕ್ಕ ಮೇಲೆ ಒಂದು ದೀಪಾವಳಿಗೆ ಊರಿಗೆ ಹೋದಾಗ ನನ್ನ ಓದಿನ ಬಾಕಿಯನ್ನೆಲ್ಲ ತೀರಿಸಿಬಿಡೋಣ ಅಂತ ಮಂಡಿಗೆ ಹೋದೆ. ಪ್ರತಿ ವರ್ಷದ ಕೊಬ್ಬರಿಯಲ್ಲಿ ಒಂದಷ್ಟು ಮುರಿದುಕೊಂಡು ಬಂದು, ಕೊನೆಗೆ ಹದಿನೆಂಟು ಸಾವಿರ ಚಿಲ್ಲರೆ ಉಳಿದಿತ್ತು. ಮಂಡಿ ತೊಳೆದು ಸುಣ್ಣ ಹೊಡೆದಿದ್ದರು, ಬಾಗಿಲಿಗೆ ಮಾವಿನ ತೋರಣ, ಒಳಗೆ ಲಕ್ಷ್ಮಿ ಪೂಜೆಗೆ ಹೊಸ ಪುಸ್ತಕಗಳು, ಅವುಗಳ ಮೊದಲ ಹಾಳೆಯ ಮೇಲೆ ಅರಿಶಿನ ಕುಂಕುಮ. ಯಜಮಾನರು ಫೋನಿನಲ್ಲಿ ದಿಲ್ಲಿಯ ಯಾರೋ ವ್ಯಾಪಾರಿ ಜೊತೆ ಹಿಂದಿಯಲ್ಲಿ ಜೋರಾಗಿ ದರ ಮಾತಾಡುತ್ತಿದ್ದರು. ನಮ್ಮ ಕೊಬ್ಬರಿ ನಾವು ತಿನ್ನುವುದಕ್ಕಿಂತ ಜಾಸ್ತಿ ಉತ್ತರದವರೇ ತಿನ್ನುತ್ತಾರೆ, ಮದುವೆಗೆ, ಹಬ್ಬಕ್ಕೆ, ಒಣಹಣ್ಣಿನ ತಟ್ಟೆಗೆ. ಆ ಹಿಂದಿಯನ್ನು ಅವರು ಯಾವ ಶಾಲೆಯಲ್ಲೂ ಕಲಿತಿರಲಿಲ್ಲ. ಗುಮಾಸ್ತರಾಗಿದ್ದ ಕಾಲದಲ್ಲಿ ಟ್ರಂಕ್ ಕಾಲ್ ಹಿಡಿದು ಕೂತು ಕಿವಿಯಲ್ಲೇ ಕಲಿತದ್ದು. ಹೌದು, ಅವರು ಹುಟ್ಟು ಯಜಮಾನರಲ್ಲ. ಇನ್ನೊಬ್ಬರ ಮಂಡಿಯಲ್ಲಿ ಲೆಕ್ಕ ಬರೆಯಲು ಸೇರಿ, ಅಲ್ಲೇ ಮಲಗಿ, ಅಲ್ಲೇ ಉಂಡು ಮೇಲೆ ಬಂದವರು.

ನಾನು ದುಡ್ಡು ಮುಂದಿಟ್ಟೆ. ಎಣಿಸಿದರು. ಹಳೇ ಪುಸ್ತಕದಲ್ಲಿ ನಮ್ಮ ಹಾಳೆ ತೆಗೆದು ಬರೆದರು. ಆಮೇಲೆ ಒಂದು ಹತ್ತು ರೂಪಾಯಿ ನೋಟು ತೆಗೆದು ನನ್ನ ಕಡೆ ತಳ್ಳಿದರು. "ಇದ್ಯಾಕೆ ಯಜಮಾನ್ರೇ?" ಅಂದೆ. "ಹತ್ತು ರೂಪಾಯಿ ಬಾಕಿ ಇರ್ಲಿ. ಹೊಸ ಪುಸ್ತಕಕ್ಕೆ ನಿಮ್ಮ ಹೆಸರು ಬರೀಬೇಕಲ್ಲ. ಪೂರ್ತಿ ಚುಕ್ತಾ ಮಾಡಿದ್ರೆ ಏನಂತ ಬರೀಲಿ?" ಹಳೇ ಪುಸ್ತಕದ ಕೊನೆಯ ಸಾಲು ಹೊಸ ಪುಸ್ತಕದ ಮೊದಲ ಸಾಲಾಗುತ್ತದೆ. ಬಾಕಿ ಸೊನ್ನೆಯಾದ ಹೆಸರು ಆ ಕಡೆ ದಾಟುವುದಿಲ್ಲ. ಅವರು ಬಳಪದಂಥ ದಪ್ಪ ಅಕ್ಷರದಲ್ಲಿ ಹೊಸ ಹಾಳೆಯ ಮೇಲೆ ಅಪ್ಪನ ಹೆಸರು ಬರೆದು, ಪಕ್ಕದಲ್ಲಿ 10 ಅಂತ ಬರೆದರು. ಮೇಲೆ ಒಂದು ಅಕ್ಷತೆ ಕಾಳು ಅಂಟಿಕೊಂಡಿತು.

ಅದು ವ್ಯಾಪಾರದ ಜಾಣತನವೂ ಹೌದು. ಗಿರಾಕಿ ಕೈ ತಪ್ಪಬಾರದು ಅಂತ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹತ್ತು ರೂಪಾಯಿಯ ಹಗ್ಗದಿಂದ ಯಾರನ್ನೂ ಕಟ್ಟಲು ಆಗುವುದಿಲ್ಲ ಅಲ್ವಾ? ಬರುವ ಮನಸ್ಸಿದ್ದವನಿಗೆ ಮಾತ್ರ ಅದು ಹಗ್ಗ. ಜನ ಬರುತ್ತಿದ್ದರು. ಕೊಬ್ಬರಿ ಇಲ್ಲದಾಗಲೂ ಬರುತ್ತಿದ್ದರು. ಅಣ್ಣತಮ್ಮಂದಿರ ಪಾಲಿನ ಜಗಳ, ಮಗಳ ಗಂಡಿನ ವಿಚಾರ, ಬೋರು ಕೊರೆಸಬೇಕೋ ಬೇಡವೋ, ಎಲ್ಲ ಆ ಗಾದಿಯ ಮುಂದೆ ಬರುತ್ತಿತ್ತು. ಕೆಂಪಮ್ಮನ ಜಾತ್ರೆಗೂ ಗಣಪತಿ ಉತ್ಸವಕ್ಕೂ ಚಂದಾ ಪಟ್ಟಿ ಹಿಡಿದವರು ಮೊದಲು ಅಲ್ಲಿಗೇ ಹೋಗುತ್ತಿದ್ದರು, ಅವರು ಬರೆದದ್ದನ್ನು ನೋಡಿ ಉಳಿದ ಮಂಡಿಯವರು ಬರೆಯುತ್ತಿದ್ದರು.

ಬೆಲೆ ಬಿದ್ದ ವರ್ಷ

2023ರಲ್ಲಿ ಕೊಬ್ಬರಿ ಬೆಲೆ ಬಿತ್ತು. ಕೇಂದ್ರದ ಬೆಂಬಲ ಬೆಲೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ಇತ್ತು, ಮಾರುಕಟ್ಟೆಯಲ್ಲಿ 8,000ದ ಆಸುಪಾಸಿಗೆ ಬಂದು ನಿಂತಿತು. ತಿಪಟೂರಿನಲ್ಲಿ ರೈತರು ಬೀದಿಗಿಳಿದರು. ಆಮೇಲೆ ಕೇಂದ್ರದ ಪರವಾಗಿ ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿ, 2024ಕ್ಕೆ 12,000 ಬೆಂಬಲ ಬೆಲೆ, ಅದರ ಮೇಲೆ ರಾಜ್ಯ ಸರ್ಕಾರದ 1,500. ಹೆಸರು ಬರೆಸಲು ರಾತ್ರಿಯೇ ಹೋಗಿ ಸಾಲಿನಲ್ಲಿ ಮಲಗಿದ ರೈತರಲ್ಲಿ ನಮ್ಮಪ್ಪನೂ ಒಬ್ಬರು, ಎಪ್ಪತ್ತು ದಾಟಿದ ಮೇಲೆ. ಯಜಮಾನರ ಗೋಡೌನಿನಲ್ಲಿ ಮೇಲಿನ ದರಕ್ಕೆ ತೆಗೆದುಕೊಂಡ ಮಾಲಿತ್ತು. ಕೊಬ್ಬರಿ ವರ್ಷಗಟ್ಟಲೆ ಇಟ್ಟುಕೊಳ್ಳುವ ಮಾಲಲ್ಲ, ಮಳೆಗಾಲ ಬಂದರೆ ಬೂಷ್ಟು ಹಿಡಿಯುತ್ತದೆ. ನಷ್ಟಕ್ಕೇ ಲಾರಿ ಹತ್ತಿಸಿದರು. ಆದರೂ ಆ ವರ್ಷ ಮುಂಗಡ ಕೇಳಿ ಬಂದವರನ್ನು ವಾಪಸ್ ಕಳಿಸಲಿಲ್ಲ. ಪಹಣಿ, ಆಧಾರ್, ರೈತರ ನೋಂದಣಿಯ ಫ್ರೂಟ್ಸ್ ಐಡಿ ಅಂತ ಒದ್ದಾಡುತ್ತಿದ್ದವರಿಗೆ ಮಂಡಿಯ ಹುಡುಗನ ಕೈಯಲ್ಲಿ ಕಾಗದ ಸರಿ ಮಾಡಿಸಿ ಕೊಟ್ಟರು. ನಾಫೆಡ್‌ಗೆ ಹೋದ ಪ್ರತಿ ಚೀಲವೂ ಅವರ ಕೈಬಿಟ್ಟ ಚೀಲವೇ. "ನನಗೆ ಆ ದರ ಕೊಡಕ್ಕಾಗಲ್ಲ. ಕೊಡೋರ ಹತ್ರ ಹೋಗಿ" ಅಂದರಂತೆ.

ಆ ನಷ್ಟವನ್ನು ಎದೆಗೆ ಹಚ್ಚಿಕೊಂಡೇ ಸತ್ತರು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಅವರಿದ್ದ ಆಸ್ಪತ್ರೆಗೆ ನಾನು ಎರಡು ಸಲ ಹೋಗಿದ್ದೆ. ಕಿಡ್ನಿ ಹತ್ತು ವರ್ಷದಿಂದಲೇ ಸೋತಿತ್ತು, ಸಕ್ಕರೆ ಕಾಯಿಲೆ ಅದಕ್ಕಿಂತ ಹಳೆಯದು. ಬೆಲೆಗೆ ಸಾವು ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಎರಡನೇ ಸಲ ಹೋದಾಗ ಕೈಗೆ ಸೂಜಿ ಹಾಕಿತ್ತು, ಮಾತು ಕಡಿಮೆ. ನನ್ನ ಕೆಲಸದ ಬಗ್ಗೆ ಕೇಳಲಿಲ್ಲ. "ನಿಮ್ಮಪ್ಪ ಅಟ್ಟಕ್ಕೆ ಕಾಯಿ ಹಾಕವ್ರಾ?" ಅಂದರು. ಹಾಕಿದ್ದಾರೆ ಅಂದೆ. "ಈಗ ಒಡೀಬೇಡ ಅನ್ನು. ತಡೀಲಿ" ಅಂದರು. ನನ್ನ ಜೊತೆ ಅವರು ಆಡಿದ ಕೊನೆಯ ಮಾತು ಅದು.

ತುಮಕೂರು ರಸ್ತೆ

ಆಂಬುಲೆನ್ಸಿನ ಹಿಂದೆ ನಾನೂ ಕಾರಿನಲ್ಲಿ ಹೊರಟೆ. ಗೊರಗುಂಟೆಪಾಳ್ಯದ ಮೇಲ್ಸೇತುವೆ, ಪೀಣ್ಯ, ದಾಸರಹಳ್ಳಿ, ಎಂಟನೇ ಮೈಲಿ. ಈ ರಸ್ತೆಯ ಎರಡೂ ಕಡೆ ನಮ್ಮ ಸೀಮೆಯ ಸಾವಿರಾರು ಜನ ಇದ್ದಾರೆ. ಫ್ಯಾಕ್ಟರಿಗೆ, ಗಾರ್ಮೆಂಟ್ಸಿಗೆ, ಆಟೋ ಓಡಿಸಲು, ಸಾಫ್ಟ್‌ವೇರಿಗೆ ಬಂದವರು. ಯಾರದೋ ಮಂಡಿ ಮುಂಗಡದ ಮೇಲೆ ಬಸ್ ಹತ್ತಿದವರು ಅವರಲ್ಲಿ ಎಷ್ಟಿದ್ದಾರೋ. ಎಂಟನೇ ಮೈಲಿಯ ಹತ್ತಿರ ರಸ್ತೆ ಬದಿಯಲ್ಲಿ ಏಳೆಂಟು ಜನ ಹಾರ ಹಿಡಿದು ನಿಂತಿದ್ದರು. ಆಂಬುಲೆನ್ಸ್ ನಿಲ್ಲಿಸಲು ಪೊಲೀಸರು ಬಿಡಲಿಲ್ಲ, ಟ್ರಾಫಿಕ್ ಹಾಗಿತ್ತು. ಒಬ್ಬ ಹುಡುಗ ಓಡಿ ಬಂದು ಹಾರವನ್ನು ನನ್ನ ಕಾರಿನ ಕಿಟಕಿಯೊಳಗೆ ಹಾಕಿ, "ಅಲ್ಲಿ ಹಾಕ್ಬಿಡಿ ಅಣ್ಣ" ಅಂದ. ಯಾರು ಅಂತ ಕೇಳುವುದರೊಳಗೆ ಹಿಂದೆ ಉಳಿದ.

ನೆಲಮಂಗಲ, ದಾಬಸ್‌ಪೇಟೆ, ತುಮಕೂರು, ಗುಬ್ಬಿ, ನಿಟ್ಟೂರು. ಕೆ.ಬಿ. ಕ್ರಾಸ್‌ನಲ್ಲಿ ಬೈಕುಗಳು ಸೇರಿಕೊಂಡವು. ತಿಪಟೂರು ಬಿ.ಎಚ್. ರಸ್ತೆ ತಲುಪಿದಾಗ ಮಂಡಿಗಳ ಬಾಗಿಲೆಲ್ಲ ಮುಚ್ಚಿತ್ತು. ಯಾರೂ ಬಂದ್ ಕರೆದಿರಲಿಲ್ಲ. ಅವರನ್ನು ಎಪಿಎಂಸಿ ಯಾರ್ಡಿನಲ್ಲಿ ಸ್ವಲ್ಪ ಹೊತ್ತು ಇಳಿಸಿದರು. ಹಮಾಲರು ಬಂದರು. ಪ್ರತಿಯೊಬ್ಬರೂ ಸೊಂಟದಿಂದ ಚೀಲ ಎತ್ತುವ ಕೊಕ್ಕೆ ತೆಗೆದು ತೂಕದ ಯಂತ್ರದ ಪಕ್ಕ ನೆಲದ ಮೇಲಿಟ್ಟರು. ಇಪ್ಪತ್ತು ಮೂವತ್ತು ಕೊಕ್ಕೆಗಳು, ಹಿಡಿಕೆಗಳೆಲ್ಲ ಬೆವರಿಗೆ ಕಪ್ಪಾಗಿದ್ದವು. ಆಮೇಲೆ ಅವರೇ ಹೆಗಲು ಕೊಟ್ಟರು. ಬೇರೆಯವರಿಗೆ ಬಿಡಲಿಲ್ಲ. ಆ ಹುಡುಗನ ಹಾರವನ್ನು ನಾನು ಅಲ್ಲೇ ಹಾಕಿದೆ.

ಮಣ್ಣು ಮುಗಿದ ಮೇಲೆ ಜನ ಲೆಕ್ಕದ ಮಾತು ಶುರು ಮಾಡಿದ್ದು. ಅವರು ಕೇಳುತ್ತಿದ್ದದ್ದು ದುಡ್ಡಿನ ವಿಚಾರವಲ್ಲ ಅಂತ ಈಗ ನನಗೆ ಅನ್ನಿಸುತ್ತದೆ. ಆ ಪುಸ್ತಕದಲ್ಲಿ ತಮ್ಮ ಹೆಸರು ಇನ್ನೂ ಇದೆಯಾ ಅಂತ. ಹೆಸರಿದ್ದರೆ ಮುಂದಕ್ಕೆ ಹೋಗಬಹುದು. ಇಲ್ಲದಿದ್ದರೆ ಯಾವ ನೆಪದಲ್ಲಿ ಹೋಗಿ ಆ ಬಾಗಿಲಲ್ಲಿ ನಿಲ್ಲುವುದು?

ಮರು ವರ್ಷ

2025ರಲ್ಲಿ ಬೆಲೆ ಏರಿತು. ಕ್ವಿಂಟಲಿಗೆ 20,000 ದಾಟಿ ಇನ್ನೂ ಮೇಲೆ ಹೋಯಿತು. ಅಪ್ಪ ಯಜಮಾನರ ಮಾತು ಕೇಳಿ ಕಾಯಿ ತಡೆದದ್ದಕ್ಕೆ ಪೂರ್ತಿ ಲಾಭ ಸಿಕ್ಕಿತು ಅಂತ ಹೇಳಲಾರೆ. ಮನೆಯ ಖರ್ಚಿಗೆ ನಡುವೆ ಒಂದಷ್ಟು ಒಡೆದರು. ಉಳಿದದ್ದನ್ನು ಆ ವರ್ಷ ಮಂಡಿಗೆ ಹಾಕಲು ಹೋದಾಗ ನಾನೂ ಬೆಂಗಳೂರಿಂದ ಹೋಗಿದ್ದೆ. ಗಾದಿಯ ಜಾಗದಲ್ಲಿ ಮೇಜು ಕುರ್ಚಿ ಬಂದಿದೆ. ಯಜಮಾನರ ಮಗ ಕೂತಿದ್ದರು. ಇಲ್ಲೇ ಬೆಂಗಳೂರಿನಲ್ಲಿ ಓದಿ ಕೆಲಸ ಮಾಡುತ್ತಿದ್ದವರು, ತಂದೆ ಹೋದ ಮೇಲೆ ಊರಿಗೆ ವಾಪಸ್ ಬಂದಿದ್ದಾರೆ. ಕಂಪ್ಯೂಟರಿನಲ್ಲಿ ಬಿಲ್, ತೂಕ ಅದರಷ್ಟಕ್ಕೇ ಬರುತ್ತದೆ, ಕಡಿತ ಇಲ್ಲ. ಒಳ್ಳೆ ಹುಡುಗ. ದರವೂ ಸರಿಯಾಗಿತ್ತು.

ಲೆಕ್ಕ ಮುಗಿಸುವಾಗ ಅವರು ಒಂದು ಹಳೆಯ ಕೆಂಪು ಪುಸ್ತಕ ತೆಗೆದರು. ತಂದೆಯ ಪುಸ್ತಕಗಳನ್ನೆಲ್ಲ ಕೂತು ಕಂಪ್ಯೂಟರಿಗೆ ಏರಿಸುತ್ತಿದ್ದಾರಂತೆ. "ನಿಮ್ಮದೊಂದು ಬಾಕಿ ಇದೆ" ಅಂದರು. ಅಪ್ಪನ ಮುಖ ಸಣ್ಣದಾಯಿತು. "ನೀವು ಕೊಡಬೇಕಾದ್ದಲ್ಲ, ನಾವು ಕೊಡಬೇಕಾದ್ದು. 340 ರೂಪಾಯಿ. ಅದನ್ನೂ ಈಗಲೇ ಸೇರಿಸಿ ಹಾಕಿಬಿಡ್ತೀನಿ, ಕ್ಲೋಸ್ ಆಗುತ್ತೆ." ಫೋನ್ ತೆಗೆದು ಅಪ್ಪನ ನಂಬರ್ ಒತ್ತತೊಡಗಿದರು.

ಅಪ್ಪ ಕೈ ಮೇಜಿನ ಮೇಲಿಟ್ಟರು. "ಹತ್ತು ರೂಪಾಯಿ ಇಟ್ಕೊಂಡು ಹಾಕಪ್ಪ" ಅಂದರು.

ಅವರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಆ ಕೆಂಪು ಪುಸ್ತಕವನ್ನೇ ನೋಡುತ್ತಿದ್ದರು, ಒಂದೆರಡು ಹಾಳೆ ಹಿಂದಕ್ಕೆ ತಿರುಗಿಸಿದರು, ಇನ್ನೂ ಒಂದೆರಡು. ಆಮೇಲೆ ಫೋನಿನಲ್ಲಿ ಒತ್ತಿದ್ದನ್ನು ಅಳಿಸಿ ಮತ್ತೆ ಒತ್ತಿದರು. ಅಪ್ಪನ ಜೇಬಿನಲ್ಲಿ ಫೋನ್ ಸದ್ದು ಮಾಡಿತು. ತೆಗೆದು ನನ್ನ ಕೈಗೆ ಕೊಟ್ಟರು, ಕನ್ನಡಕ ತಂದಿರಲಿಲ್ಲ. 330 ಬಂದಿತ್ತು.